ಪಂಚನಾಮೆಯಲ್ಲಿ ಸಿಕ್ಕ ನಿಂಬೆಹಣ್ಣು

ನನಗೆ ಮೂರು ತಿಂಗಳ ಸಾದಾ ಶಿಕ್ಷೆಯಾಯಿತು. ಸಾದಾ ಎಂದರೆ ಒಳಗೆ ಕೆಲಸ ಹಚ್ಚುವುದಿಲ್ಲ, ಸುಮ್ಮನೆ ಇರುವುದಷ್ಟೇ ಎಂದು ವಕೀಲರು ಕಿವಿಯಲ್ಲಿ ವಿವರಿಸಿದರು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರನಾಗಿದ್ದವನಿಗೆ ಸುಮ್ಮನೆ ಇರುವುದರ ಬಗ್ಗೆ ಹೊರಗಿನವರು ಕಲಿಸಬೇಕಾದದ್ದು ಏನೂ ಇರಲಿಲ್ಲ. ಆದರೂ ಕಟಕಟೆಯ ಕಟ್ಟಿಗೆ ಹಿಡಿದು ನಿಂತಾಗ ನನ್ನ ತಲೆಗೆ ಬಂದ ಮೊದಲ ವಿಚಾರ ಕುಂಬಳಕಾಯಿಯದು. ಮರುದಿನ ಎಂಟನೆಯ ಇಯತ್ತೆಯವರಿಗೆ ವಸ್ತುಚಿತ್ರಕ್ಕೆಂದು ಒಂದು ಕುಂಬಳಕಾಯಿ, ಒಂದು ತಂಬಿಗೆ ತಂದು ಶಿಕ್ಷಕರ ಕೋಣೆಯಲ್ಲಿ ಇಟ್ಟಿದ್ದೆ. ನಾನು ಜೈಲಿಗೆ ಹೋದರೆ ತಂಬಿಗೆ ಉಳಿಯುತ್ತದೆ, ಕುಂಬಳಕಾಯಿ ಉಳಿಯುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನನ್ನ ಸಹೋದ್ಯೋಗಿಗಳನ್ನು ನಾನು ಬಲ್ಲೆ.

ನನ್ನ ಅಪರಾಧ, ಕಾಗದದಲ್ಲಿ ಇದ್ದಂತೆ: ಸಾರ್ವಜನಿಕ ರಸ್ತೆಯಲ್ಲಿ ಅತಿವೇಗ ಹಾಗೂ ಅಜಾಗರೂಕತೆಯಿಂದ ಸ್ಕೂಟರ್ ಚಲಾಯಿಸಿ ಒಬ್ಬ ಮನುಷ್ಯನ ಕಾಲಿಗೆ ತೀವ್ರ ಗಾಯ ಮಾಡಿದ್ದು. ಅತಿವೇಗ ಎಂಬ ಮಾತು ನನ್ನ ಸ್ಕೂಟರಿಗೆ ಅದರ ಆಯುಷ್ಯದಲ್ಲಿ ಸಂದ ಒಂದೇ ಗೌರವ. ನಿಪ್ಪಾಣಿಯ ಏರಿನಲ್ಲಿ ನನ್ನ ವಿದ್ಯಾರ್ಥಿಗಳು ಸೈಕಲ್ಲಿನ ಮೇಲೆ ಅದನ್ನು ದಾಟಿ ಹೋಗಿ, ಮೇಲೆ ನಿಂತು ದಣಿವಾರಿಸಿಕೊಂಡು, ನಾನು ಬಂದಾಗ ನಮಸ್ಕಾರ ಮಾಡುತ್ತಿದ್ದರು. ಅಜಾಗರೂಕತೆಯ ಮಾತು ಬೇರೆ. ಅದಕ್ಕೆ ಬರುತ್ತೇನೆ.

ಶಿಕ್ಷೆ ಕೊಟ್ಟ ಸಾಹೇಬರೇ ಅದನ್ನು ಒಂದು ತಿಂಗಳು ತಡೆಹಿಡಿದು, ಅಷ್ಟರೊಳಗೆ ಚಿಕ್ಕೋಡಿಯ ಮೇಲಿನ ಕೋರ್ಟಿಗೆ ಅಪೀಲು ಹೋಗಲು ಬಿಟ್ಟರು. ಹೊಡೆದವರೇ ಮುಲಾಮಿನ ಅಂಗಡಿ ತೋರಿಸುವ ಈ ಸೌಜನ್ಯ ನನಗೆ ಹಿಡಿಸಿತು. ಶಾಲೆಯಲ್ಲಿ ನಾವು ಅಷ್ಟು ಮುಂದುವರಿದಿಲ್ಲ. ಹೆಂಡತಿಯ ಅಣ್ಣ ತನ್ನ ಹೊಲದ ಪಹಣಿ ಉತಾರ ಇಟ್ಟು ಜಾಮೀನಾದ. ಮರುದಿನ ನಮ್ಮ ಶಿಕ್ಷಣ ಸಂಸ್ಥೆಯ ಚೇರಮನ್ನರು ನನ್ನನ್ನು ಕರೆಸಿ ಚಹಾ ಕೊಟ್ಟರು. ಅವರು ಚಹಾ ಕೊಟ್ಟಾಗಲೇ ಸುದ್ದಿ ಒಳ್ಳೆಯದಲ್ಲವೆಂದು ಗೊತ್ತಾಯಿತು.

"ಮಾಸ್ತರ, ದಂಡ ಆದ್ರ ನಾವು ಆ ಕಡೆ ನೋಡ್ತೀವಿ," ಎಂದರು. "ತುರುಂಗಕ್ಕ ಹೋಗಿ ಬಂದ್ರಿ ಅಂದ್ರ ಹುಡುಗೂರ ಮುಂದ ನಿಮ್ಮನ್ನ ಹ್ಯಾಂಗ ನಿಲ್ಲಸೂದು? ನೀವ ಹೇಳ್ರಿ."

ನಾನು ಚಹಾ ಮುಗಿಸಿದೆ. ಜೈಲಾದರೆ ನೌಕರಿ ಇಲ್ಲ, ಇಷ್ಟು ತಿಳಿಯಿತು. ನನಗಾಗ ನಲವತ್ತೇಳು ವರ್ಷ. ಚಿತ್ರ ತೆಗೆಯುವುದನ್ನು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅದು ಬರುತ್ತದೆ ಎಂದೂ ಸರಕಾರವೊಂದೇ ನಂಬಿತ್ತು.

ನಡೆದದ್ದು ಹೀಗೆ. ಅದಕ್ಕೂ ಮೂರು ವರ್ಷ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ಶಾಲೆ ಬಿಟ್ಟು ನಿಪ್ಪಾಣಿಯಿಂದ ಬೇಡಕಿಹಾಳದ ಕಡೆಗಿರುವ ನಮ್ಮ ಊರಿಗೆ ಬರುತ್ತಿದ್ದೆ. ಕಬ್ಬು ಕಡಿದ ಹೊಲಗಳಲ್ಲಿ ಉಳಿದ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದ್ದರು. ಸೂರ್ಯ ಮುಳುಗುವ ಹೊತ್ತು. ಹೊಗೆಯ ಬುಡ ಕಿತ್ತಳೆ, ನಡು ಬೂದಿ, ತುದಿ ಊದಾ. ಬೂದಿ ಎಲ್ಲಿ ಮುಗಿದು ಊದಾ ಎಲ್ಲಿ ಸುರುವಾಗುತ್ತದೆ ಎಂದು ಹುಡುಕುತ್ತ ಬಂದೆ. ಊರ ಹತ್ತಿರದ ಮೋರಿಯ ಮೇಲೆ ಏನೋ ಮೆತ್ತಗಿನದಕ್ಕೆ ಬಡಿದೆ. ಮೆತ್ತಗಿದ್ದದ್ದು ಹಸಿ ಮೇವಿನ ಹೊರೆ. ಹೊರೆಯ ಮುಂದೆ ಸೈಕಲ್ಲು, ಸೈಕಲ್ಲಿನ ಮೇಲೆ ನಮ್ಮೂರವನೇ, ನನ್ನ ಓರಗೆಯ ಒಬ್ಬ ರೈತ. ಎದುರಿನಿಂದ ಬರುತ್ತಿದ್ದವನು ರಸ್ತೆಯ ತಗ್ಗು ತಪ್ಪಿಸಲು ನಡುವಿಗೆ ಬಂದಿದ್ದ. ಅವನ ಒಂದು ಕಾಲು ನನ್ನ ಸ್ಕೂಟರಿಗೂ ಮೋರಿಯ ಕಟ್ಟೆಗೂ ನಡುವೆ ಸಿಕ್ಕು ಮೊಳಕಾಲ ಕೆಳಗೆ ಎರಡು ಕಡೆ ಮುರಿಯಿತು. ತಲೆ ಬಡಿದು ಎಚ್ಚರ ತಪ್ಪಿತು. ನನಗೆ ಮೊಳಕೈ ತರಚಿತು.

ನಾನು ನನ್ನ ಎಡಬದಿಯಲ್ಲೇ ಇದ್ದೆ. ಅದು ಖರೆ. ಆದರೆ ಅವನು ನಡುವಿಗೆ ಬಂದದ್ದನ್ನು ನಾನು ನೋಡಿರಲಿಲ್ಲ, ಏಕೆಂದರೆ ರಸ್ತೆಯನ್ನೇ ನೋಡಿರಲಿಲ್ಲ. ಇದೂ ಖರೆ. ಈ ಎರಡನೆಯ ಖರೆಯನ್ನು ಅವತ್ತು ಸಂಜೆ ಹೆಂಡತಿಗೆ ಹೇಳಿದೆ. ಮತ್ತೆ ಯಾರಿಗೂ ಹೇಳಲಿಲ್ಲ.

ನಮ್ಮ ಊರಿನವರು ಬಹಳ ಒಳ್ಳೆಯ ಜನ. ಗಾಯಾಳುವನ್ನು ಟೆಂಪೋದಲ್ಲಿ ಮಲಗಿಸಿ ಮಿರಜಿನ ದವಾಖಾನೆಗೆ ಒಯ್ದರು. ಅವನ ಸೈಕಲ್ಲನ್ನು ಅವನ ದನದ ಕೊಟ್ಟಿಗೆಗೆ ಮುಟ್ಟಿಸಿದರು. ಎಮ್ಮೆಗಳ ತಪ್ಪೇನು ಎಂದು ಮೇವಿನ ಹೊರೆಯನ್ನು ಎಮ್ಮೆಗಳಿಗೆ ಹಾಕಿದರು. ನನ್ನ ಸ್ಕೂಟರನ್ನು ನೂಕಿಕೊಂಡು ಬಂದು ನನ್ನ ಅಂಗಳದಲ್ಲಿ ನಿಲ್ಲಿಸಿದರು. ಒಬ್ಬ ಪುಣ್ಯಾತ್ಮ ಮೋರಿಯ ಮೇಲೆ ಚೆಲ್ಲಿದ್ದ ಕನ್ನಡಿಯ ಚೂರುಗಳನ್ನೂ ಬಳಿದು ಹಾಕಿದ, ದನದ ಕಾಲಿಗೆ ಚುಚ್ಚೀತು ಎಂದು. ಅರ್ಧ ತಾಸಿನಲ್ಲಿ ಆ ಜಾಗದಲ್ಲಿ ಏನಾದರೂ ನಡೆದಿತ್ತು ಎಂಬುದಕ್ಕೆ ಸೃಷ್ಟಿಯಲ್ಲಿ ಗುರುತು ಉಳಿಯಲಿಲ್ಲ. ಪೊಲೀಸರು ಬಂದದ್ದು ಮರುದಿನ ಹನ್ನೊಂದು ಗಂಟೆಗೆ.

ಗಾಯಾಳು ಎರಡು ತಿಂಗಳು ಮಿರಜಿನಲ್ಲಿದ್ದ. ರವಿವಾರಕ್ಕೊಮ್ಮೆ ನಾನೂ ಹೆಂಡತಿಯೂ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆವು. ಅಪಘಾತದ ಮಾತು ಎತ್ತಬೇಡಿ, ಎತ್ತಿದರೆ ನಾಳೆ ಅದೇ ನಿಮಗೆ ಉರುಲಾಗುತ್ತದೆ ಎಂದು ನನ್ನ ಮೊದಲಿನ ವಕೀಲರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ನಾವು ಎಮ್ಮೆಗಳ ಬಗ್ಗೆ ಮಾತಾಡುತ್ತಿದ್ದೆವು. ಯಾವ ಎಮ್ಮೆ ಅವನ ಹೆಂಡತಿಯ ಕೈಗೆ ಹಾಲು ಕೊಡುತ್ತದೆ, ಯಾವುದು ಒದೆಯುತ್ತದೆ, ಎಲ್ಲ ನನಗೆ ಗೊತ್ತಾಯಿತು. ಕಾಲೊಳಗೆ ಉಕ್ಕಿನ ಸಳಿ ಹಾಕಿ ಕಳಿಸಿದರು. ಕಾಲು ಕೂಡಿತು, ನೇರ ಕೂಡಲಿಲ್ಲ. ಮುಂದೆ ಅವನು ಸೈಕಲ್ ತುಳಿಯಲಿಲ್ಲ. ಮೇವಿನ ಹೊರೆ ಅವನ ಹೆಂಡತಿಯ ತಲೆಯ ಮೇಲೆ ಬರತೊಡಗಿತು. ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅವಳು ಎದುರು ಬಂದರೆ ಸ್ಕೂಟರ್ ನಿಲ್ಲಿಸಿ, ಅವಳು ದಾಟುವವರೆಗೆ ಕಾಲು ಊರಿ ನಿಲ್ಲುತ್ತಿದ್ದೆ. ಅವಳೂ ನಿಲ್ಲುತ್ತಿದ್ದಳು, ನಾನು ದಾಟಲೆಂದು. ಕೊನೆಗೆ ನಾನು ಇನ್ನೊಂದು ದಾರಿ ಹಿಡಿದೆ.

ಕೆಳಗಿನ ಕೋರ್ಟಿನಲ್ಲಿ ನನ್ನ ಪಾತ್ರ ಬಹಳ ಸಣ್ಣದು. ಕೊನೆಗೆ ಸಾಹೇಬರು ಒಂದೊಂದಾಗಿ ಓದಿ, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದಾಗ ಎಲ್ಲಕ್ಕೂ "ಸುಳ್ಳು" ಎನ್ನಬೇಕು. ನಾನು ಹದಿನಾಲ್ಕು ಸಲ ಸುಳ್ಳು ಎಂದೆ. ಅದರಲ್ಲಿ ನನ್ನ ಹೆಸರು ಮತ್ತು ಊರಿನ ಪ್ರಶ್ನೆಯೂ ಇತ್ತೆಂದು ಆಮೇಲೆ ತಿಳಿಯಿತು. ಗಾಯಾಳು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, ಮಾಸ್ತರರು ಎದುರಿನಿಂದ ಬಂದರು, ಬಡಿದರು, ಕಣ್ಣು ತೆಗೆದರೆ ಮಿರಜು, ಜಾಗ ಇಂಥದೇ ಅಂತ ಹೇಳಲಾರೆ ಎಂದ. ಇದ್ದದ್ದು ಇದ್ದಂತೆ. ಕೇಸಿನ ಕಾಗದದ ಒಂದು ಕಟ್ಟು ನನಗೂ ಕೊಟ್ಟಿದ್ದರು. ಅಂಥದನ್ನು ಮನೆಯಲ್ಲಿ ಬಿಚ್ಚಿ ಓದುವುದು ಅಪಶಕುನವೆಂದು ನಾನು ಅದನ್ನು ಹಳೆಯ ಡ್ರಾಯಿಂಗ್ ಪರೀಕ್ಷೆಯ ಹಾಳೆಗಳ ನಡುವೆ ಸೇರಿಸಿ ಕಪಾಟು ಹಾಕಿದೆ. ಓದಿದವನು ಓದಲೇಬೇಕೆಂದು ಎಲ್ಲಿದೆ?

ಚಿಕ್ಕೋಡಿಯ ವಕೀಲರು ಎಪ್ಪತ್ತು ದಾಟಿದವರು. ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಪಾತ್ರೆ ಅಂಗಡಿಯ ಮೇಲೆ ಅವರ ಆಫೀಸು. ಕಣ್ಣಿನಲ್ಲಿ ಪೊರೆ ಬಂದಿತ್ತು. ಆದರೆ ಅವರ ರೂಢಿ ಪೊರೆಗಿಂತ ಹಳೆಯದು ಎಂದು ಅವರ ಕಾರಕೂನ ಹೇಳಿದ. ಅಪೀಲು ಹಿಡಿದುಕೊಂಡು ಬಂದ ಯಾವ ಪಕ್ಷಗಾರನೇ ಇರಲಿ, ತನ್ನ ಕೇಸಿನ ಕಾಗದವೆಲ್ಲವನ್ನೂ ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ತಾನೇ ಗಟ್ಟಿಯಾಗಿ ಓದಿ ಹೇಳಬೇಕು. ಅಕ್ಷರ ಬಾರದವರು ಓದು ಬಲ್ಲವರನ್ನು ಜೋಡಿ ತರಬೇಕು. ವಕೀಲರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಬಾಯಲ್ಲಿ ಅಡಿಕೆ ಹೋಳು ಇಟ್ಟುಕೊಂಡು ಕೇಳುತ್ತಾರೆ. ಕೆಳಗೆ ಪಾತ್ರೆ ಬಡಿಯುವ ಸಪ್ಪಳ. ಅದರ ಮೇಲೆ ದನಿ ಎತ್ತಿ, ನಾನು ಎಂಥ ಮನುಷ್ಯ ಎಂದು ಸರಕಾರ ಬರೆದದ್ದನ್ನು ನಾನೇ ಓದಿದೆ. ಸ್ವಾರಸ್ಯವಾಗಿತ್ತು. "ಸದರಿ ಆರೋಪಿತನು" ಎಂಬ ಮನುಷ್ಯನ ಮೇಲೆ ಎರಡನೆಯ ಹಾಳೆಗೇ ನನಗೆ ಸಿಟ್ಟು ಬಂದಿತ್ತು.

ಮೂರನೆಯ ಹಾಳೆ ಪಂಚನಾಮೆ. ಪೊಲೀಸರು ಇಬ್ಬರು ಊರವರನ್ನು ಪಂಚರೆಂದು ನಿಲ್ಲಿಸಿಕೊಂಡು, ಅಪಘಾತದ ಜಾಗವನ್ನು ನೋಡಿ ಬರೆದದ್ದು. ಅದರ ಪ್ರಕಾರ ಅಪಘಾತ ನಡೆದದ್ದು ಮೋರಿಯ ಮೇಲೆ ಅಲ್ಲ, ಅಲ್ಲಿಂದ ಎರಡು ನೂರು ಹೆಜ್ಜೆ ಈಚೆ, ಮೂರು ದಾರಿ ಕೂಡುವಲ್ಲಿ. ಅದೂ ರಸ್ತೆಯ ಬಲಬದಿಗೆ. ಬಲಬದಿಗೆ ಎಂದರೆ ನನ್ನದಲ್ಲದ ಬದಿಗೆ. ಶಿಕ್ಷೆಯ ಇಡೀ ಭಾರ ಆ ಒಂದು ಮಾತಿನ ಮೇಲೆ ನಿಂತಿತ್ತು. ಗುರುತು ಏನೆಂದರೆ, "ಡಾಂಬರಿನ ಮೇಲೆ ಸುಮಾರು ಒಂದೂವರೆ ಅಡಿ ಅಗಲದ ಕೆಂಪು ಬಣ್ಣದ ರಕ್ತದ ಕಲೆ."

ನಾನು ನಿಂತೆ.

"ಯಾಕ ನಿಂತ್ರಿ?" ವಕೀಲರು ಕಣ್ಣು ತೆರೆಯದೆ ಕೇಳಿದರು.

"ಬಣ್ಣ ತಪ್ಪೈತ್ರಿ."

ರಾತ್ರಿ ಕಳೆದು, ಮರುದಿನ ಹನ್ನೊಂದರ ಬಿಸಿಲಿನಲ್ಲಿ ರಕ್ತ ಕೆಂಪಾಗಿ ಇರುವುದಿಲ್ಲ. ಕಂದಾಗುತ್ತದೆ, ಕಪ್ಪಾಗುತ್ತದೆ. ಇದು ಕಾನೂನಿನ ಜ್ಞಾನವಲ್ಲ, ಬಣ್ಣದ ಪೆಟ್ಟಿಗೆ ಇಟ್ಟುಕೊಂಡವರ ಜ್ಞಾನ. ಮುಂದಕ್ಕೆ ಓದಿರಿ ಎಂದರು. ಓದಿದೆ. "ಸದರಿ ಕಲೆಯ ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣಿನ ಎರಡು ಹೋಳುಗಳು ಬಿದ್ದಿದ್ದು, ಅವು ಗಾಯಾಳುವಿನ ಕೈಚೀಲದಿಂದ ಬಿದ್ದಿರಬಹುದಾಗಿರುತ್ತದೆ."

ವಕೀಲರು ಆಗ ಕಣ್ಣು ತೆರೆದರು. ಅಡಿಕೆ ಅಗಿಯುವುದು ನಿಂತಿತು. "ಮಾಸ್ತರ, ಅವತ್ತ ಮನಿಯಾಗ ನಿಮಗ ನಿವಾಳಿಸಿದ್ರೇನು?"

ನಿವಾಳಿಸಿದ್ದರು. ಮನೆಗೆ ತಂದು ಕೂಡಿಸಿದ ಕೂಡಲೇ ಹೆಂಡತಿ ಅರಿಷಿಣ, ಸುಣ್ಣ ನೀರಿಗೆ ಹಾಕಿ ಕೆಂಪು ಮಾಡಿ, ನಿಂಬೆಹಣ್ಣು ಕೊಯ್ದು, ನನ್ನ ತಲೆಯ ಸುತ್ತ ಮೂರು ಸಲ ಇಳಿಸಿ ಹೊರಗೆ ಒಯ್ದಿದ್ದಳು. ಒಯ್ದದ್ದನ್ನು ಎಲ್ಲಿ ಚೆಲ್ಲಿದೆ ಎಂದು ಗಂಡಸರು ಕೇಳುವ ಪದ್ಧತಿ ಇಲ್ಲ. ಕೇಳಿದರೆ ಹೇಳುವ ಪದ್ಧತಿಯೂ ಇಲ್ಲ. ಮೂರು ದಾರಿ ಕೂಡುವಲ್ಲಿ ಚೆಲ್ಲಿ, ಹಿಂದಿರುಗಿ ನೋಡದೆ ಬರಬೇಕು. ಅರಿಷಿಣ ಸುಣ್ಣದ ಕೆಂಪು ಬಿಸಿಲಿಗೆ ಇನ್ನೂ ಮಿರುಗುತ್ತದೆ. ಅಂತೂ ನನ್ನ ಪೀಡೆ ಹೋಗಲಿ ಎಂದು ನನ್ನ ಹೆಂಡತಿ ಚೆಲ್ಲಿದ್ದನ್ನು ಸರಕಾರ ಅಳತೆಮಾಡಿ, ನಕಾಶೆ ತೆಗೆದು, ಮುದ್ರೆ ಒತ್ತಿ ಮತ್ತೆ ನನಗೇ ಮುಟ್ಟಿಸಿತ್ತು. ನಕಾಶೆಯ ಬಗ್ಗೆ ಒಂದು ಮಾತು: ಅದರಲ್ಲಿ ಉತ್ತರ ದಿಕ್ಕು ಎರಡು ಕಡೆ ತೋರಿಸಿತ್ತು. ನಾನು ಆರನೆಯ ಇಯತ್ತೆಯವರಿಗೂ ಅದಕ್ಕೆ ಅಂಕ ಕೊಡುತ್ತಿರಲಿಲ್ಲ.

ಪಂಚರಲ್ಲಿ ಒಬ್ಬ ನಮ್ಮೂರ ಪಾನ್ ಅಂಗಡಿಯವನು. ಊರಿಗೆ ಇಳಿದವನೇ ಅವನ ಅಂಗಡಿಗೆ ಹೋಗಿ, ಅದು ರಕ್ತವಲ್ಲ ಎಂದು ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಗೊತ್ತಿತ್ತು ಎಂದ. ಹಾಗಾದರೆ ಹೇಳಲಿಲ್ಲ ಏಕೆ? ಅವನು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ.

"ಯಾರೂ ಕೇಳಲಿಲ್ರಿ ಮಾಸ್ತರ. ನಾವಿಬ್ಬರೂ ದಾಟಬಾರದಂತ ಆ ಕಡೆ ದಂಡಿಗೆ ನಿಂತಿದ್ವಿ. ಪೊಲೀಸ್ರು ಟೇಪ್ ಹಿಡದು ಅದರ ಮ್ಯಾಲೇ ಕುಂತ್ರು. ಯಾರದೋ ಪೀಡಾ ಇವರಿಗೆ ಹತ್ತಿತು, ನಮಗ್ಯಾಕ ಬೇಕು ಅಂತ ಸಹಿ ಮಾಡಿ ಬಂದ್ವಿ."

ಕೋರ್ಟಿಗೆ ಬಂದು ಇದನ್ನು ಹೇಳುತ್ತೀಯಾ ಎಂದರೆ, ಅಂಗಡಿ ಯಾರು ನೋಡಬೇಕು ಎಂದ. ಉಳಿದದ್ದು ಚೆಲ್ಲಿದವಳು. ಮೇಲಿನ ಕೋರ್ಟಿನಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿ ತೆಗೆದುಕೊಳ್ಳುವುದಿಲ್ಲ. ಅರ್ಜಿ ಹಾಕಿ ನೋಡುತ್ತೇನೆ, ಆದರೆ ಅಕ್ಕಾರು ಕಟಕಟೆ ಹತ್ತಲೇಬೇಕು ಎಂದು ವಕೀಲರು ಹೇಳಿದ್ದರು.

ಹೆಂಡತಿ ಒಲ್ಲೆ ಎಂದಳು. ಸಿಟ್ಟಿನಿಂದಲ್ಲ, ಅಕ್ಕಿ ಆರಿಸುತ್ತಲೇ. ಚೆಲ್ಲಿದ ಜಾಗ ಬಾಯಿಬಿಟ್ಟು ಹೇಳಿದರೆ ಚೆಲ್ಲಿದ್ದು ತಿರುಗಿ ಮನೆಗೆ ಬರುತ್ತದೆ. ನಾನು ನೌಕರಿ ಹೋಗುತ್ತದೆ ಎಂದೆ. ನೌಕರಿ ಹೋದರೆ ಹೋಗಲಿ, ಮನುಷ್ಯ ಇರಲಿ ಎಂದಳು. ಮನುಷ್ಯ ಮೂರು ತಿಂಗಳು ಜೈಲಿನಲ್ಲಿರುತ್ತಾನೆ ಎಂದೆ. ಅವಳು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದಳು. ಎಂಟು ದಿನ ಮನೆಯಲ್ಲಿ ಆ ವಿಷಯ ಬಿಟ್ಟು ಉಳಿದದ್ದೆಲ್ಲವನ್ನೂ ಮಾತಾಡಿದೆವು. ಅಪೀಲಿನ ಮುದ್ದತಿಗೆ ನಾಲ್ಕು ದಿನ ಉಳಿದಿತ್ತು. ಒಂದು ಬೆಳಿಗ್ಗೆ ನನ್ನ ಮುಂದೆ ಭಕ್ರಿ ಇಟ್ಟು, ತಾನೇ ಮಾತು ತೆಗೆದಳು.

"ಆ ಪಂಚನಾಮೆಯಾಗ ಲಿಂಬಿಹಣ್ಣೂ ಬರದಾರಂದ್ರಿ?"

"ಎರಡು ಹೋಳು."

"ಹಂಗಾದ್ರ ಅದು ಚೆಲ್ಲೇ ಇಲ್ಲ. ನಾ ಚೆಲ್ಲಿ ಬಂದೆ, ಅವರು ಎತ್ತಿ ಕಾಗದದಾಗ ಇಟ್ರು. ಅದು ಇನ್ನಾ ನಿಮ್ಮ ಬೆನ್ನ ಹಿಂದ ಕೋರ್ಟಿಂದ ಕೋರ್ಟಿಗೆ ತಿರಗಾಕತ್ತೈತಿ. ಇಟ್ಟಾಕಿನ ಹೋಗಿ ತಗೀಬೇಕು."

ಅವತ್ತಿನವರೆಗೆ ನಾನು ಕೇಳಿದ ಕಾನೂನಿನ ಮಾತುಗಳಲ್ಲಿ ಇಷ್ಟು ತಿಳಿಯಾದದ್ದು ಬೇರೊಂದಿರಲಿಲ್ಲ. ವಕೀಲರಿಗೆ ಹೇಳಿದಾಗ ಅವರೂ ಸ್ವಲ್ಪ ಹೊತ್ತು ಅಡಿಕೆ ಅಗಿದು, ನಿಮ್ಮ ಮನೆಯವರು ಕಪ್ಪು ಕೋಟು ಹಾಕಬೇಕಿತ್ತು ಎಂದರು.

ಅಪೀಲು ಹಾಕಿದೆವು, ಶಿಕ್ಷೆಗೆ ತಡೆ ಸಿಕ್ಕಿತು, ತಾರೀಖುಗಳು ಸುರುವಾದವು. ಎರಡು ವರ್ಷ ತಿಂಗಳಿಗೊಮ್ಮೆ ಚಿಕ್ಕೋಡಿಗೆ ಹೋಗಿ, ನನ್ನ ಹೆಸರು ಕೂಗಿಸಿಕೊಂಡು, ಹಾಜರಿ ಹೇಳಿ ಬರುತ್ತಿದ್ದೆ. ಹಾಜರಿ ತೆಗೆದುಕೊಳ್ಳುವುದೇ ನನ್ನ ಕಸುಬಾದ್ದರಿಂದ ಕೊಡುವುದು ಹೇಗಿರುತ್ತದೆ ಎಂದು ತಿಳಿದಂತಾಯಿತು. ಕಡೆಗೆ ಅರ್ಜಿ ಮಂಜೂರಾಗಿ ಹೆಂಡತಿಗೆ ಸಮನ್ಸು ಬಂತು.

ಅವತ್ತು ಬೆಳಗಿನ ಬಸ್ಸಿನಲ್ಲಿ ಗಾಯಾಳುವೂ ಇದ್ದ. ಯಾರೂ ಕರೆದಿರಲಿಲ್ಲ. ಕೋಲು ಊರಿಕೊಂಡು ಹತ್ತಿದ. ಹೆಂಡತಿ ಎದ್ದು ಕಿಡಕಿಯ ಕಡೆ ಜಾಗ ಕೊಟ್ಟಳು. ಅವನು ತಾನೇ, "ಅಕ್ಕಾರು ಏನ ಹೇಳ್ತಾರ ಕೇಳೂಣಂತ," ಎಂದು ಹೊರಗೆ ನೋಡತೊಡಗಿದ.

ಹೆಂಡತಿ ಕಟಕಟೆ ಹತ್ತಿ, ಖರೆ ಹೇಳುತ್ತೇನೆ ಎಂದು ಪ್ರಮಾಣ ಮಾಡಿದಳು. ಸೆರಗು ತಲೆಯ ಮೇಲೆ, ಕೈಯಲ್ಲಿ ಕರ್ಚೀಪು. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಅಡುಗೆ ಹೇಳಿಕೊಡುವಂತೆ ಹೇಳಿದಳು: ನೀರು ಎಷ್ಟು, ಅರಿಷಿಣ ಎಷ್ಟು, ಸುಣ್ಣ ಯಾವಾಗ. ಬೆರಳಚ್ಚಿನವನು ಎಲ್ಲ ಹೊಡೆದುಕೊಂಡ. ಸಾಹೇಬರು ಪೆನ್ನು ಕೆಳಗಿಟ್ಟು ತಾವೇ ಒಂದು ಪ್ರಶ್ನೆ ಕೇಳಿದರು: ಮೂರು ದಾರಿ ಕೂಡುವಲ್ಲಿ ಬಲಕ್ಕೇ ಏಕೆ ಚೆಲ್ಲಿದಿರಿ?

"ಎಡಕ್ಕ ಮುಂಜಾನೆ ಸಾಲಿ ಹುಡುಗೂರು ನಡಕೊಂಡ ಹೋಗ್ತಾರ್ರಿ. ದಾಟಿಗೀಟ್ಯಾರು ಅಂತ."

ಸಾಹೇಬರು ಬರೆದುಕೊಂಡರು. ನನ್ನ ಮೇಲಿನ ಆರೋಪ, ರಸ್ತೆಯಲ್ಲಿ ಹೋಗುವ ಉಳಿದವರ ಖಬರು ಇಲ್ಲದ ಮನುಷ್ಯ ಎಂದು. ಅದೇ ಕುಟುಂಬದಲ್ಲಿ ಬಹಳ ಖಬರಿನವರೂ ಒಬ್ಬರಿದ್ದಾರೆ ಎಂದು ದಾಖಲೆಯಾಯಿತು. ವಕೀಲರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಕ್ಷಣಕಾಲ ನನ್ನ ನೌಕರಿ ನನಗೆ ಕಂಡಿತು.

ಆಮೇಲೆ ಸರಕಾರಿ ವಕೀಲರು ಎದ್ದರು. ಹರೆಯದವರು, ಚುರುಕು. ಇದೆಲ್ಲ ಗಂಡ ಹೇಳಿಕೊಟ್ಟದ್ದು ಎಂದು ತೋರಿಸುವುದು ಅವರ ಹಂಚಿಕೆ. ಅವತ್ತು ಗಂಡ ಮನೆಗೆ ಬಂದ ಮೇಲೆ ಅಪಘಾತ ಹೇಗಾಯಿತು ಎಂದು ಹೇಳಿರಬೇಕಲ್ಲ ಎಂದು ಕೇಳಿದರು. ಹೇಳಿದರು ಎಂದಳು. ಸೈಕಲ್ಲಿನವನದೇ ತಪ್ಪು ಎಂದಿರಬೇಕಲ್ಲ?

"ಹಂಗ ಅಂದಿಲ್ರಿ. ರಸ್ತಾ ನೋಡಿರಲಿಲ್ಲ, ರವದಿ ಹೊಗಿ ನೋಡ್ಕೋಂತ ಬಂದೆ ಅಂದ್ರು. ಬಣ್ಣ ಛಲೋ ಇತ್ತಂತ."

ಸರಕಾರಿ ವಕೀಲರಿಗೆ ತಾವು ಗೆದ್ದದ್ದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ವಕೀಲರು ಮಾತ್ರ ಎಪ್ಪತ್ತರ ವಯಸ್ಸಿಗೆ ಒಪ್ಪದ ವೇಗದಿಂದ ಎದ್ದು, ಗಂಡ ಹೆಂಡತಿಗೆ ಹೇಳಿದ ಮಾತನ್ನು ಗಂಡನ ಒಪ್ಪಿಗೆ ಇಲ್ಲದೆ ಕೋರ್ಟು ಬರೆದುಕೊಳ್ಳಬಾರದು, ಹಾಗೆಂದು ಕಾಯದೆಯೇ ಇದೆ ಎಂದರು. ಸಾಹೇಬರು ಒಂದು ಪುಸ್ತಕ ತರಿಸಿ ನೋಡಿದರು. ಇದೆ ಎಂದರು. ಬೆರಳಚ್ಚಿನವನಿಗೆ ಕೈ ತಡೆ ಎಂದು ಸನ್ನೆ ಮಾಡಿ, ನನ್ನ ಕಡೆ ನೋಡಿದರು. ಈ ಮಾತು ದಾಖಲೆಯಾಗಲು ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ?

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಮೂರು ಅಕ್ಷರ ಕೂಡ ಅಲ್ಲ. ಕಲೆ ಸುಳ್ಳಾಗಿತ್ತು, ಬಲಬದಿ ಸುಳ್ಳಾಗಿತ್ತು, ಹೊಗೆಯನ್ನು ಅಳಿಸಿದರೆ ನಾನು ಪೂರ್ತಿ ಬಿಡುಗಡೆ. ವಕೀಲರು ತುಟಿಯಲ್ಲೇ ಇಲ್ಲ ಅನ್ನಿ, ಇಲ್ಲ ಅನ್ನಿ ಎನ್ನುತ್ತಿದ್ದರು. ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಅವಳ ಕೆಲಸ ಮುಗಿದಿತ್ತು. ಹಿಂದಿನ ಉದ್ದ ಬಾಕಿನ ಮೇಲೆ ಕೂತಿದ್ದ ಗಾಯಾಳು ಮಾತ್ರ ಸರಿಯಾಗಿ ಕೇಳಿಸಲೆಂದು ಕೋಲು ಊರಿ ಎದ್ದು ನಿಂತಿದ್ದ. ನೆಟ್ಟಗಾಗದ ಕಾಲಿನ ಮೇಲೆ ಒಂದು ಕಡೆ ವಾಲಿ, ಒಂದು ಕೈ ಕಿವಿಯ ಹಿಂದೆ ಇಟ್ಟುಕೊಂಡು. ಅವನು ನನ್ನಿಂದ ಏನು ಕೇಳಲು ಬಂದಿದ್ದಾನೆ ಎಂದು ನನಗೆ ವಿಚಿತ್ರ ಕುತೂಹಲವಾಯಿತು.

"ಬರಕೊಳ್ರಿ," ಎಂದೆ. "ಖರೇ ಐತ್ರಿ."

ಐದು ವರ್ಷದಲ್ಲಿ ನಾನು ಕೋರ್ಟಿನಲ್ಲಿ ಸುಳ್ಳು, ಹಾಜರ್ ಎಂಬುವನ್ನು ಬಿಟ್ಟು ಆಡಿದ ಮೊದಲ ಮಾತು. ವಕೀಲರು ಕೂತರು, ಕಣ್ಣು ಮುಚ್ಚಿದರು. ಹೊರಗೆ ಬಂದ ಮೇಲೆ, ನಲವತ್ತು ವರ್ಷದ ವಕೀಲಿಯಲ್ಲಿ ಗಂಡ ಹೆಂಡತಿ ಕೂಡಿ ತಮ್ಮ ಕೇಸನ್ನು ಇಷ್ಟು ಒಗ್ಗಟ್ಟಿನಿಂದ ಕೆಡಿಸಿಕೊಂಡದ್ದನ್ನು ನೋಡಿರಲಿಲ್ಲ ಎಂದರು. ಬಸ್ಸಿನಲ್ಲಿ ಹೆಂಡತಿಗೆ ಹಾಗೇಕೆ ಹೇಳಿದೆ ಎಂದು ಕೇಳಿದೆ. "ಕೇಳಿದ್ರು, ಹೇಳಿದೆ," ಎಂದಳು. ಪಾನ್ ಅಂಗಡಿಯವನದೂ ಹೆಚ್ಚು ಕಡಿಮೆ ಇದೇ ತತ್ವ. ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ತೀರ್ಪಿಗೆ ಮೂರು ವಾರ. ಅಷ್ಟರಲ್ಲಿ ನಾನು ಜೈಲಿಗೆ ಹೋಗುವುದನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದೆ. ಒಳಗೆ ಪೆನ್ಸಿಲ್ಲು ಒಯ್ಯಲು ಬಿಡುತ್ತಾರೆಯೇ ಎಂದು ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಜೈಲಿನ ಬಗ್ಗೆ ಮಾತಾಡುವವರು ಬಹಳ, ತಿಳಿದವರು ಕಡಿಮೆ. ಏಳನೆಯ ಇಯತ್ತೆಯ ವಹಿಗಳನ್ನೆಲ್ಲ ತಿದ್ದಿ ಮುಗಿಸಿದೆ. ಸೇವೆಯಲ್ಲಿ ಅದು ಒಂದೇ ಸಲ ಆದದ್ದು. ತೀರ್ಪಿನ ದಿನ ಹೆಂಡತಿ ಎರಡು ಜೊತೆ ಬಟ್ಟೆ, ಒಂದು ಚಾದರ, ಚಟ್ನಿಪುಡಿ ಕಟ್ಟಿಕೊಟ್ಟಳು. ತಾನು ಬರುವುದಿಲ್ಲ ಎಂದಳು.

ಸಾಹೇಬರು ಓದಿದ್ದು ಇಷ್ಟು: ಪಂಚನಾಮೆಯ ಜಾಗ ತಪ್ಪು; ಆರೋಪಿತನು ತನ್ನ ಬದಿಯಲ್ಲೇ ಇದ್ದ. ಆದರೆ ರಸ್ತೆಯನ್ನು ನೋಡದೆ ವಾಹನ ನಡೆಸಿದ್ದನ್ನು ತಾನೇ ಒಪ್ಪಿದ್ದಾನೆ. ಹಾಗಾಗಿ ಅಪರಾಧ ಖಾಯಂ. ಮೂರು ತಿಂಗಳ ಶಿಕ್ಷೆಯನ್ನು ಇಳಿಸಿ, ದಂಡ, ಗಾಯಾಳುವಿಗೆ ಪರಿಹಾರ, ಮತ್ತು ಕೋರ್ಟು ಏಳುವವರೆಗೆ ಸಜೆ. ಈ ಕೊನೆಯದು ನನಗೆ ತಿಳಿಯಲಿಲ್ಲ. ವಕೀಲರು ವಿವರಿಸಿದರು: ಇವತ್ತು ಸಾಹೇಬರು ಸಂಜೆ ಎದ್ದು ಹೋಗುವವರೆಗೆ ಈ ಕೋಣೆಯಲ್ಲಿ ಕೂಡಬೇಕು. ಅದೇ ನಿಮ್ಮ ಜೈಲು. ನೌಕರಿ ಉಳಿಯಿತು, ಹೋಗಿ ಕೂಡ್ರಿ.

ಹಿಂದಿನ ಬಾಕಿನ ಮೇಲೆ, ಚಾದರದ ಗಂಟು ತೊಡೆಯ ಮೇಲೆ ಇಟ್ಟುಕೊಂಡು, ಮಧ್ಯಾಹ್ನದಿಂದ ಶಿಕ್ಷೆ ಅನುಭವಿಸತೊಡಗಿದೆ. ಒಂದು ಬದುವಿನ ಕೇಸು, ಒಂದು ಚೆಕ್ಕಿನ ಕೇಸು, ಒಂದು ಆಕಳಿನ ಕೇಸು ಕೇಳಿದೆ. ಆಕಳಿನದು ಅರ್ಧಕ್ಕೆ ಮುಂದಕ್ಕೆ ಹೋದದ್ದು ಇವತ್ತಿಗೂ ಬೇಜಾರು. ಅಷ್ಟರಲ್ಲಿ ಪಕ್ಕದಲ್ಲಿ ಕೋಲು ಊರಿದ ಸಪ್ಪಳ. ಅವನು ಬಂದು ಕೂತ. ಅವತ್ತೂ ಯಾರೂ ಕರೆದಿರಲಿಲ್ಲ. ಸಾಹೇಬರಿಗೆ ಕೇಳದಂತೆ ಸಣ್ಣ ದನಿಯಲ್ಲಿ ಮಾತಾಡಿದ.

"ಮಾಸ್ತರ, ಖರೇನ ಹೊಗಿ ನೋಡ್ತಿದ್ರೇನ್ರಿ?"

"ಹೌದು."

"ನಾ ಕಾಣಲೇ ಇಲ್ಲ?"

"ಇಲ್ಲ."

ಅವನು ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡ. "ನಿಮ್ಮ ಮಾರಿ ನನಗ ಕಂಡಿತ್ರಿ. ನನ್ನ ಕಡೇನ ಇತ್ತು. ಕಂಡೂ ಹಾಯಿಸಿದ್ರು, ನಾ ಇವರಿಗೇನ ಮಾಡಿದ್ನಿ ಅಂತ ಐದು ವರ್ಷ ವಿಚಾರ ಮಾಡೀನಿ. ಬದುವಿನ ಜಗಳಿಲ್ಲ, ನೀರಿನ ಜಗಳಿಲ್ಲ. ಮಿರಜಿಗೆ ಬರ್ತಿದ್ರಿ, ಎಮ್ಮಿ ಸುದ್ದಿ ಕೇಳ್ತಿದ್ರಿ, ಹೋಗ್ತಿದ್ರಿ."

ತಪ್ಪಾಯಿತು ಎಂದೆ. ಐದು ವರ್ಷಕ್ಕೆ ಮೊದಲು ಹೇಳಬೇಕಾದದ್ದನ್ನು ಸಜೆಯಲ್ಲಿ ಕೂತು ಹೇಳಿದೆ. ಅವನು ಹ್ಞೂಂ ಎಂದ, ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಆಮೇಲೆ, ಹೊಗೆಯಲ್ಲಿ ಅಂಥ ಬಣ್ಣ ಯಾವುದಿತ್ತು ಎಂದು ಕೇಳಿದ. ಊದಾ ಎಂದೆ. ಪ್ರತಿ ಹಂಗಾಮಿಗೆ ರವದಿ ಸುಡುವವನು ತಾನು, ಊದಾ ಎಂದೂ ಕಂಡಿಲ್ಲ ಎಂದ. ನಾನು ಯಾವ ಹೊತ್ತಿನಲ್ಲಿ, ಯಾವ ಕಡೆ ನಿಂತು ನೋಡಬೇಕು ಎಂದು ಹೇಳತೊಡಗಿದೆ. ಕೋರ್ಟಿನ ಜವಾನ ಪಟ್ಟೇವಾಲ ಬಂದು, ಕೈದಿಗಳು ಮಾತಾಡಬಾರದು ಎಂಬಂತೆ ನಮ್ಮಿಬ್ಬರನ್ನೂ ನೋಡಿದ.

ಅಷ್ಟರಲ್ಲಿ ಸಾಹೇಬರು ಎದ್ದು ಒಳಗೆ ಹೋದರು. ಎಲ್ಲರೂ ನಿಂತರು, ನಾವೂ ನಿಂತೆವು, ಎಲ್ಲರೂ ಹೋದರು. ನಾನು ಮತ್ತೆ ಕೂತೆ. ಬಿಡುಗಡೆಗೆ ಒಂದು ಕಾಗದವೋ ಒಂದು ಗಂಟೆಯೋ ಇರಬೇಕು ಎಂದುಕೊಂಡಿದ್ದೆ. ಶಾಲೆಯಲ್ಲಿ ಗಂಟೆ ಇದೆ. ಯಾರೂ ಬರಲಿಲ್ಲ. ಪಟ್ಟೇವಾಲ ಕಿಡಕಿ ಹಾಕುತ್ತ ಹಾಕುತ್ತ ನಮ್ಮ ಬಾಕಿನವರೆಗೆ ಬಂದ. ಸಜೆ ಮುಗಿಯಿತೇ ಎಂದು ಅವನನ್ನೇ ಕೇಳಿದೆ.

"ಮುಗದು ಹತ್ತ ಮಿನಿಟ್ ಆತ್ರಿ," ಎಂದ. "ಈಗ ಕುಂತಿದ್ದು ನಿಮ್ಮ ಖುಷಿಲೆ."

ನಾನು ಎದ್ದೆ. ಬಾಕು ತಗ್ಗು, ಅವನಿಗೆ ಕೋಲೊಂದರ ಮೇಲೆ ಏಳಲು ಆಗುತ್ತಿರಲಿಲ್ಲ. ಚಾದರದ ಗಂಟನ್ನು ಹೆಗಲಿಗೆ ಹಾಕಿ ಕೈ ಕೊಟ್ಟೆ. ಹಿಡಿದು ಎದ್ದ, ಎದ್ದ ಮೇಲೆ ಬಿಟ್ಟ.